ಹಿಂದಿನ ಚಕ್ರಕ್ಕೆ ಇಬ್ಬರ ಗಾಳಿ

ನವೆಂಬರ್ ೧೦, ಭಾನುವಾರ

ಬೇಡವೆಂದು ಹೇಳಿ ಬರಲು ಡೊಂಬಿವಲಿಗೆ ಹೋದವಳು ಬೈಕನ್ನು ಟೆಂಪೊದಲ್ಲಿ ಹಾಕಿಸಿಕೊಂಡು ಬಂದೆ. ಈಗ ಅದು ಠಾಣೆಯ ಮಾಜಿವಾಡಾದ ನಮ್ಮ ಕಟ್ಟಡದ ಕೆಳಗೆ, ಪಾರ್ಕಿಂಗಿನ ಮೂಲೆಯಲ್ಲಿ ಕಂಬದ ಪಕ್ಕ ನಿಂತಿದೆ. ೧೯೫೬ರ ಬಿಎಸ್‌ಎ. ಇಂಗ್ಲೆಂಡಿನಲ್ಲಿ ಹುಟ್ಟಿದ್ದು, ವಯಸ್ಸಿನಲ್ಲಿ ನನಗಿಂತ ಹದಿನೆಂಟು ವರ್ಷ ಹಿರಿದು.

ಚೌತಿ ಕಳೆದ ವಾರ ಇವರು ವಾಶಿಯಲ್ಲಿ, ತಾವು ನೋಡಿಕೊಳ್ಳುತ್ತಿದ್ದ ಹೋಟೆಲಿನ ಕೌಂಟರಿನಲ್ಲಿ ಕೂತಲ್ಲೇ ಹೋಗಿಬಿಟ್ಟರು. ಅದಕ್ಕೆ ಮೊದಲೇ ಬೈಕಿನ ಹಣ ಪೂರ್ತಿ ಕೊಟ್ಟಾಗಿತ್ತಂತೆ. ಜೂನಿನಿಂದ ಭಾನುವಾರವೆಲ್ಲ ‘ಸಂಘದ ಕೆಲಸ’ ಎಂದು ಡೊಂಬಿವಲಿಗೆ ಹೋಗುತ್ತಿದ್ದದ್ದು ಇದಕ್ಕೆ! ಸೈಕಲ್ ಬಿಟ್ಟರೆ ಬೇರೇನೂ ಓಡಿಸಲು ಬಾರದವರಿಗೆ ಇದೆಂಥ ಹುಚ್ಚು? ಮಗಳು ಪ್ರಣೀತಾ ಖಾರಘರದ ಹಾಸ್ಟೆಲಿನಿಂದ ಫೋನು ಮಾಡಿ, ಮಾರಿಬಿಡು ಎಂದು ಕೂಗಾಡಿದಳು. “ಪಪ್ಪಾ ಕೋ ಕ್ಯಾ ಹುವಾ ಥಾ? ಬೇಚ್ ಡಾಲ್, ಮಮ್ಮಾ.”

ಮಾರಿದವರು ಸರ್ವೋತ್ತಮಣ್ಣ. ಎಪ್ಪತ್ತೆಂಟರ ವಯಸ್ಸು, ಬ್ರಹ್ಮಾವರದ ಕಡೆಯವರು. ಮೊಣಕಾಲು ಹೋಗಿದೆ, ಕಿಕ್ ಹೊಡೆಯಲಾಗುವುದಿಲ್ಲ. ಹೆಂಡತಿ ಉಮಾವತಿ ಹೋಗಿ ಮೂರು ವರ್ಷ. ನೆಲಮಹಡಿಯ ಮನೆಯಲ್ಲಿ ಒಬ್ಬರೇ. “ವಾಪಸು ತೆಗೆದುಕೊಳ್ಳಿ” ಎಂದು ಬಾಯಿ ತೆರೆಯುವಷ್ಟರಲ್ಲಿ ಅವರು ಬೈಕಿನ ಹೊದಿಕೆ ಎಳೆದರು. ಎಣ್ಣೆ ಮತ್ತು ಬಿಸಿಲಿಗೆ ಕಾದ ಚರ್ಮದ ವಾಸನೆ. ನಮ್ಮ ಅಪ್ಪನ ಬುಲೆಟ್ಟಿನದೇ ವಾಸನೆ. ಮದುವೆಗೆ ಮೊದಲು ಕಾರ್ಕಳದ ರಸ್ತೆಯಲ್ಲಿ ನಾನು ಅದನ್ನು ಓಡಿಸುತ್ತಿದ್ದೆ. ಅದರಲ್ಲೂ ಗೇರು ಬಲಗಾಲಿಗೇ ಇತ್ತು. ಬಾಯಿ ಮುಚ್ಚಿಕೊಂಡೆ.

“ಹಿಂದಿನ ಚಕ್ರಕ್ಕೆ ಇಬ್ಬರ ಗಾಳಿ ಹಾಕಿದ್ದೇನೆ” ಎಂದರು. “ನಿಮ್ಮ ವಾಸುದೇವರು ಹಾಗೇ ಬೇಕು ಅಂದಿದ್ರು. ನೀವು ಒಬ್ಬರೇ ಹೋಗುವುದಾದ್ರೆ ಸ್ವಲ್ಪ ಇಳಿಸಿ.”

ಇಳಿಸಲು ಮನಸ್ಸಾಗಲಿಲ್ಲ.

ನವೆಂಬರ್ ೧೭, ಭಾನುವಾರ

ಇಡೀ ವಾರ ಶಾಲೆಯ ಪಾಠ ಮುಗಿಸಿ ಬಂದು ಬೈಕಿನ ಮುಂದೆ ಕೂರುವುದೇ ಆಯಿತು. ಸರ್ವೋತ್ತಮಣ್ಣ ಫೋನಿನಲ್ಲಿ ಹೇಳುತ್ತಾರೆ, ನಾನು ಮಾಡುತ್ತೇನೆ.

“ತುಂಬ ದಿನ ನಿಂತ ಗಾಡಿ. ಎಣ್ಣೆ ಟ್ಯಾಂಕಿನಲ್ಲಿದ್ದದ್ದೆಲ್ಲ ಎಂಜಿನ್ನಿನ ಹೊಟ್ಟೆಗೆ ಇಳಿದಿರ್ತದೆ. ಮೊದಲು ಅದನ್ನು ಕೆಳಗಿನ ಬೋಲ್ಟಿನಿಂದ ತೆಗೆಯಿರಿ. ತೆಗೆಯದೆ ಕಿಕ್ ಹೊಡೆದ್ರೆ ಬಿಲ್ಡಿಂಗ್ ಇಡೀ ಹೊಗೆ.”

“ಹೊಸ ಬೈಕಿಗೆ ಹಾಕುವ ಎಣ್ಣೆ ಬೇಡ. ಹಳೇ ಎಂಜಿನ್ನಿನ ಕೊಳೆಯನ್ನೆಲ್ಲ ಎಬ್ಬಿಸಿಬಿಡ್ತದೆ. ಅದು ಇದ್ದಲ್ಲೇ ಇರಲಿ.”

“ನಿಲ್ಲಿಸಿದ ಕೂಡಲೇ ಪೆಟ್ರೋಲಿನ ನಲ್ಲಿ ಮುಚ್ಚಿ. ಈಗಿನ ಪೆಟ್ರೋಲು ಹಳೇ ರಬ್ಬರನ್ನು ತಿಂದು ಹಾಕ್ತದೆ.”

ಕಿಕ್ ಹೊಡೆಯುವುದು ಬಲದಿಂದಲ್ಲವಂತೆ. ಹ್ಯಾಂಡಲಿನ ಚಿಕ್ಕ ಲಿವರು ಎಳೆದು ಕಿಡಿ ಸ್ವಲ್ಪ ತಡವಾಗಿ ಹೊತ್ತುವಂತೆ ಮಾಡಬೇಕು, ಇಲ್ಲವಾದರೆ ಕಿಕ್ಕೇ ತಿರುಗಿ ಕಾಲಿಗೆ ಹೊಡೆಯುತ್ತದೆ. ಆಮೇಲೆ ಪೆಡಲನ್ನು ಮೆತ್ತಗೆ ಒತ್ತುತ್ತಾ ಎಂಜಿನ್ನು ಉಸಿರು ಬಿಗಿಹಿಡಿದ ಜಾಗ ಹುಡುಕಬೇಕು. ಅದನ್ನು ಒಂದಿಷ್ಟು ದಾಟಿಸಿ ಒಂದೇ ಸಲ ಪೂರ್ತಿ ತುಳಿಯಬೇಕು.

ಇವತ್ತು ಬೆಳಿಗ್ಗೆ ಎಂಜಿನ್ನು ಶುರುವಾಯಿತು. ಪಾರ್ಕಿಂಗಿನ ಛಾವಣಿಯೆಲ್ಲ ಗುಡುಗಿತು. ಫೋನಿನ ಆ ಕಡೆ ಸರ್ವೋತ್ತಮಣ್ಣ ಕೇಳುತ್ತಿದ್ದರು. ಅಳುತ್ತಿದ್ದರೇನೋ.

ಪ್ರಣೀತಾಳ ಫೋನು ಬಂದಿತ್ತು. ಕೈಯೆಲ್ಲ ಎಣ್ಣೆ, ತೆಗೆಯಲಾಗಲಿಲ್ಲ.

ನವೆಂಬರ್ ೨೩, ಶನಿವಾರ

ಹೈವೇಯ ಪಕ್ಕದ ರಸ್ತೆಯಲ್ಲಿ ಮೊದಲ ಬಾರಿ ದೂರ ಹೋದೆ. ಕೈಕಾಲಿಗೆ ಎಲ್ಲ ನೆನಪಿದೆ. ಮಾಜಿವಾಡಾ ಸಿಗ್ನಲ್ಲಿನಲ್ಲಿ ರಿಕ್ಷಾದವನು ತಲೆ ಹೊರಗೆ ಹಾಕಿ, “ಕಾಕೂ, ಏಕ್ ನಂಬರ್!” ಎಂದ.

ಹೋಗುವಾಗ ಎಲ್ಲ ಸರಿ. ಬರುವಾಗ ಬ್ರೇಕು ಹಿಡಿದರೆ ಎಣಿಸಿದ ಜಾಗಕ್ಕಿಂತ ಮುಂದೆ ಹೋಗಿ ನಿಲ್ಲುತ್ತಿತ್ತು. ರಸ್ತೆಯ ಹಂಪಿನಲ್ಲಿ ಹಿಂದಿನ ಮಡ್‌ಗಾರ್ಡಿಗೆ ಟಯರು ಉಜ್ಜಿದ ಸದ್ದು. ಮನೆಗೆ ಬಂದು ನೋಡಿದರೆ ಹಿಂದೆ ಕೂತವರು ಕಾಲಿಡುವ ಎಡಗಡೆಯ ಫುಟ್‌ರೆಸ್ಟ್ ಕೆಳಗೆ ಬಿಚ್ಚಿಕೊಂಡಿತ್ತು. ಹೊರಡುವಾಗ ಎರಡನ್ನೂ ನಾನೇ ಮಡಚಿದ್ದೆ.

“ನಟ್ಟು ಸಡಿಲಾಗಿರ್ತದೆ. ಅಲುಗಾಟಕ್ಕೆ ಬಿಚ್ಚಿಕೊಳ್ತದೆ. ಬಿಗಿ ಮಾಡಿ” ಎಂದರು ಸರ್ವೋತ್ತಮಣ್ಣ. ಪಾನಾ ಹಾಕಿ ತಿರುಗಿಸಿ ನೋಡಿದೆ. ನಟ್ಟು ಮೊದಲೇ ಬಿಗಿಯಾಗಿತ್ತು.

ನವೆಂಬರ್ ೨೬, ಮಂಗಳವಾರ

ಶಾಲೆಯಿಂದ ಬಂದು ಬೈಕಿನ ಧೂಳು ಒರೆಸಿದೆ. ಟ್ಯಾಂಕಿನ ಮೇಲೆ ಧೂಳು, ಮುಂದಿನ ಸೀಟಿನ ಮೇಲೆ ಧೂಳು, ಹಿಂದಿನ ಸೀಟಿನ ಮೇಲೆ ಇಲ್ಲ. ಕೈಯಿಟ್ಟು ನೋಡಿದೆ. ಬಿಸಿಲೇ ಬೀಳದ ಮೂಲೆಯಲ್ಲಿ ಆ ಸೀಟು ಯಾರೋ ಈಗಷ್ಟೇ ಎದ್ದುಹೋದ ಕುರ್ಚಿಯ ಹಾಗೆ ಬೆಚ್ಚಗಿತ್ತು. ಮೇಲೆ ಬಂದು ಚಿಲಕ ಹಾಕಿಕೊಂಡೆ.

ಡಿಸೆಂಬರ್ ೧, ಭಾನುವಾರ

ಹೆದರಿಕೆ ಯಾತಕ್ಕೆ? ಇವರು ಇಷ್ಟಪಟ್ಟು ಕೊಂಡ ಗಾಡಿ. ಇವರಲ್ಲದೆ ಮತ್ಯಾರು ಬರುತ್ತಾರೆ?

ಇದು ಹೊಳೆದದ್ದು ಐರೋಲಿಯ ರಸ್ತೆಯಲ್ಲಿ, ವಾಶಿಗೆ ಹೋಗುವಾಗ. ಗೇರು ಬದಲಿಸುವಾಗ ಹಿಂದೆ ಒಂದು ಭಾರ ಮುಂದಕ್ಕೆ ಬಂದು ಮತ್ತೆ ಹಿಂದಕ್ಕೆ ಹೋಯಿತು. ನೆಟ್ಟಗೆ ಕೂತ ಮನುಷ್ಯರು ವಾಲುವ ಹಾಗೆ. ನಾನು ತಿರುಗಿ ನೋಡಲಿಲ್ಲ. “ಕೂತದ್ದು ಸರಿಯಾಯ್ತಾ?” ಎಂದು ಕೇಳಿದೆ. ಭಾರ ಸುಮ್ಮನಾಯಿತು.

ಹೋಟೆಲಿನ ಮುಂದೆ ನಿಲ್ಲಿಸಲಿಲ್ಲ. ಇವರಿಗೆ ಆ ಕೌಂಟರು ಮತ್ತೆ ಕಾಣುವುದು ಬೇಡವೆಂದು ಮೆಲ್ಲನೆ ಹಾದುಹೋದೆ. ಮಾರ್ಕೆಟಿನ ಹಿಂದಿನ ರಸ್ತೆಯಲ್ಲಿ ಈರುಳ್ಳಿಯ ಲಾರಿಗಳ ಸಾಲು. ದಾರಿಯುದ್ದಕ್ಕೂ ಮಾತಾಡಿದೆ. ಶಾಲೆಯಲ್ಲಿ ಐದನೆಯ ತರಗತಿಗೆ ಈ ವರ್ಷ ಒಂದು ಮಗುವೂ ಸೇರದಿದ್ದದ್ದು, ಸೊಸೈಟಿಯ ನೀರಿನ ಜಗಳ, ಎಲ್ಲ.

ಮನೆಗೆ ಬಂದಾಗ ಎಡಗಡೆಯ ಫುಟ್‌ರೆಸ್ಟ್ ಕೆಳಗಿತ್ತು. ಹಾಗೇ ಬಿಟ್ಟೆ.

ಡಿಸೆಂಬರ್ ೮, ಭಾನುವಾರ

ಪ್ರಣೀತಾಳನ್ನು ನೋಡಲು ಖಾರಘರಕ್ಕೆ ಹೊರಟಿದ್ದೆ. ಮುಂಬ್ರಾ ಬೈಪಾಸಿನಿಂದ ಹೋದರೆ ಗುಡ್ಡದ ಗಾಳಿ ಸಿಗುತ್ತದೆ ಎಂದು ಆ ದಾರಿ ಹಿಡಿದೆ. ಶಿಳ್ ಫಾಟಾದ ಕೂಡುರಸ್ತೆಯಲ್ಲಿ ಬೈಕು ಎಡಕ್ಕೆ ಎಳೆಯಿತು. ಒಂದಿಷ್ಟು ವಾಲಿದ್ದಲ್ಲ, ಹ್ಯಾಂಡಲನ್ನು ಎರಡೂ ಕೈಯಿಂದ ಹಿಡಿದು ನೇರ ಮಾಡಬೇಕಾಯಿತು. ಹಿಂದಿನ ಕಂಟೇನರ್ ಲಾರಿ ಹಾರ್ನ್ ಹೊಡೆದು, ಮೈಗೆ ತಾಗುವಷ್ಟು ಹತ್ತಿರದಿಂದ ಹೋಯಿತು. ಅಲ್ಲಿಂದಲೇ ವಾಪಸು ಬಂದೆ. ಪ್ರಣೀತಾ ಊಟ ಮಾಡದೆ ಕಾದಿದ್ದಳಂತೆ.

ಸರ್ವೋತ್ತಮಣ್ಣ, “ಹಿಂದಿನ ಚಕ್ರ ಸೊಟ್ಟ ಕೂತಿರ್ಬೇಕು. ಚೈನ್ ಬಿಗಿ ಮಾಡುವಾಗ ಎರಡೂ ಕಡೆ ಸಮ ತಿರುಗಿಸ್ಲಿಕ್ಕುಂಟು. ದಾರ ಕಟ್ಟಿ ನೋಡಿ” ಎಂದರು. ಹಿಂದಿನ ಟಯರಿನಿಂದ ಮುಂದಿನದಕ್ಕೆ ದಾರ ಎಳೆದು ನೋಡಿದೆ. ಚಕ್ರ ಗೆರೆ ಹೊಡೆದಂತೆ ನೇರವಾಗಿದೆ. ಆದರೆ ಹಿಂದಿನ ಸ್ಪ್ರಿಂಗುಗಳಲ್ಲಿ ಎಡಗಡೆಯದು ಒಂದು ಬೆರಳಿನಷ್ಟು ತಗ್ಗಿದೆ.

ಡಿಸೆಂಬರ್ ೧೩, ಶುಕ್ರವಾರ

ಶಾಲೆಗೆ ರಜೆ ಹಾಕಿ ಪಾಮ್ ಬೀಚ್ ರಸ್ತೆಗೆ ಹೋದೆವು. ಖಾಡಿಯ ಹಿನ್ನೀರಿನಲ್ಲಿ ಫ್ಲೆಮಿಂಗೊ ಬಂದಿವೆ, ತೋರಿಸಿದೆ. ಅವಲಕ್ಕಿ ಒಗ್ಗರಣೆ ಮಾಡಿ ಎರಡು ಡಬ್ಬಿಯಲ್ಲಿ ಹಾಕಿಕೊಂಡಿದ್ದೆ. ಇವರಿಗೆ ಇಷ್ಟ. ಇಬ್ಬರದನ್ನೂ ನಾನೇ ತಿಂದೆ. ಬಹಳ ದಿನದ ಮೇಲೆ ಹೊಟ್ಟೆ ತುಂಬಿತು.

ಡಿಸೆಂಬರ್ ೨೨, ಭಾನುವಾರ

ಬೆಳಿಗ್ಗೆ ಪ್ರಣೀತಾ ಹೇಳದೆ ಕೇಳದೆ ಬಂದಳು. ತುಂಬ ಇಳಿದುಹೋಗಿದ್ದಾಳೆ, ಪರೀಕ್ಷೆ ಇರಬೇಕು. ಅಡುಗೆಮನೆಯಲ್ಲಿ ಎರಡು ತಟ್ಟೆ ನೋಡಿ, “ಕೌನ್ ಆಯಾ ಥಾ?” ಎಂದು ಕೇಳಿದಳು. ಯಾರೂ ಬಂದಿರಲಿಲ್ಲ ಎಂದೆ.

ನಾನು ಹೆಲ್ಮೆಟ್ ತೆಗೆದುಕೊಳ್ಳುವುದನ್ನು ನೋಡಿ, “ಮುಝೇ ಠಾಣೆ ಸ್ಟೇಶನ್ ತಕ್ ಛೋಡ್ ದೇ, ಮಮ್ಮಾ. ಮೈಂ ಭೀ ಬೈಠೂಂ ಏಕ್ ಬಾರ್” ಎಂದಳು. ಸ್ಟೇಶನ್ನಿನವರೆಗೆ ಬಿಡು, ತಾನೂ ಒಮ್ಮೆ ಕೂರುತ್ತೇನೆ ಎಂದು.

“ಹಿಂದೆ ಜಾಗ ಇಲ್ಲ” ಎಂದೆ.

ಅವಳು ನನ್ನನ್ನೇ ನೋಡಿದಳು. ಆಮೇಲೆ ರಿಕ್ಷಾ ಮಾಡಿಕೊಂಡು ಹೋದಳು. ಈಗಿನ ಮಕ್ಕಳಿಗೆ ಮೂಗಿನ ತುದಿಯಲ್ಲೇ ಕೋಪ. ನಾವು ಹೊರಟಾಗ ಬಿಸಿಲೇರಿತ್ತು.

ಡಿಸೆಂಬರ್ ೨೭, ಶುಕ್ರವಾರ

ಸರ್ವೋತ್ತಮಣ್ಣನ ಫೋನು. ಸ್ವರ ಬೇರೆಯಾಗಿತ್ತು.

“ಮೋಹಿನಿ, ಭಾನುವಾರ ಯಾರನ್ನು ಕೂರಿಸಿಕೊಂಡು ಹೋದದ್ದು?”

ಬೈಕು ಇನ್ನೂ ನನ್ನ ಹೆಸರಿಗೆ ಆಗಿಲ್ಲವಾದ್ದರಿಂದ ಪೊಲೀಸರ ದಂಡದ ಚಲನ್ ಅವರ ಮೊಬೈಲಿಗೆ ಬಂದಿದೆ. ಹಿಂದೆ ಕೂತವರಿಗೆ ಹೆಲ್ಮೆಟ್ ಇಲ್ಲವೆಂದು. ಜೊತೆಗೆ ಮಾಜಿವಾಡಾದ ಕ್ಯಾಮೆರಾ ತೆಗೆದ ಚಿತ್ರ. ಅದನ್ನು ನನಗೂ ಕಳಿಸಿದ್ದರು. ಚಿತ್ರದಲ್ಲಿ ನಾನೊಬ್ಬಳೇ ಇದ್ದೇನೆ. ಮುಖ ಸ್ವಲ್ಪ ಹಿಂದಕ್ಕೆ ತಿರುಗಿದೆ, ನಗುತ್ತಿದ್ದೇನೆ. ಹಿಂದಿನ ಸೀಟು ಖಾಲಿ.

“ಇವರೇ” ಎಂದೆ. ಎಷ್ಟು ದಿನ ಮುಚ್ಚಿಡಲಿ? ಎಲ್ಲ ಹೇಳಿದೆ. ಬೆಚ್ಚಗಿನ ಸೀಟು, ಭಾರ, ಎಡಕ್ಕೆ ಎಳೆಯುವುದು. ಹೇಳುವಾಗ ನನಗೆ ನಾಚಿಕೆಯಾಯಿತೇ ಹೊರತು ಹೆದರಿಕೆಯಲ್ಲ.

ಅವರು ಎಲ್ಲ ಕೇಳಿಸಿಕೊಂಡರು. ಆಮೇಲೆ, “ಚಿತ್ರ ದೊಡ್ಡದು ಮಾಡಿ ನೋಡಿ. ಯಾವ ಫುಟ್‌ರೆಸ್ಟ್ ಕೆಳಗುಂಟು?” ಎಂದರು.

“ಎಡಗಡೆಯದು. ಅದು ಯಾವಾಗಲೂ ಅದೇ.”

“ವಾಸುದೇವರು ಗಂಡಸು, ಮೋಹಿನಿ. ಎರಡೂ ಕಡೆ ಕಾಲು ಹಾಕಿ ಕೂರ್ತಿದ್ರು. ಸೀರೆ ಉಟ್ಟವರು ಒಂದೇ ಕಡೆ ಕಾಲು ಹಾಕಿ ಕೂರುವುದು. ಎಡಗಡೆಗೆ.” ಅವರ ಉಸಿರು ಕೇಳಿಸುತ್ತಿತ್ತು. “ನಮ್ಮ ಉಮಾವತಿ ನಲವತ್ತು ವರ್ಷ ಕಾಲಿಟ್ಟ ಜಾಗ ಅದು. ಶಿಳ್ ಫಾಟಾದಲ್ಲಿ ಎಡಕ್ಕೆ ತಿರುಗಿದ್ರೆ ಎಲ್ಲಿಗೆ ಬರ್ತದೆ, ಹೇಳಿ? ಡೊಂಬಿವಲಿಗೆ.”

ಫೋನು ಇಟ್ಟೆ. ಕೆಳಗೆ ಹೋಗಲಿಲ್ಲ. ಕಿಟಕಿಯಿಂದ ಪಾರ್ಕಿಂಗಿನ ಕಂಬ ಮಾತ್ರ ಕಾಣುತ್ತದೆ.

ಡಿಸೆಂಬರ್ ೨೯, ಭಾನುವಾರ

ಒಂದು ಮಾತೂ ಆಡದೆ ಡೊಂಬಿವಲಿಯವರೆಗೆ ಓಡಿಸಿದೆ. ಇಷ್ಟು ದಿನ ನನ್ನ ಗಂಡನೆಂದು ಯಾರೊಂದಿಗೆ ಮಾತಾಡಿದೆನೋ ಅವರು ಬೆನ್ನ ಹಿಂದೆ ಕೂತಿದ್ದರು. ಹಂಪಿನಲ್ಲಿ ಏಳುತ್ತಿದ್ದರು, ಇಳಿಯುತ್ತಿದ್ದರು. ಕನ್ನಡಿಯನ್ನು ಹೊರಡುವ ಮೊದಲೇ ಆಕಾಶಕ್ಕೆ ತಿರುಗಿಸಿಬಿಟ್ಟಿದ್ದೆ. ಶಿಳ್ ಫಾಟಾದಲ್ಲಿ ಬೈಕು ತಾನಾಗಿ ಎಡಕ್ಕೆ ಹೊರಳಿತು. ನಾನು ಬಿಟ್ಟೆ.

ಸರ್ವೋತ್ತಮಣ್ಣ ಕಟ್ಟಡದ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕಾಯುತ್ತಿದ್ದರು. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಅವರ ಕಣ್ಣು ನೇರ ಎಡಗಡೆಯ ಫುಟ್‌ರೆಸ್ಟಿಗೆ ಹೋಯಿತು.

“ನಿಮ್ಮವರನ್ನು ಇಳಿಸಿಕೊಳ್ಳಿ” ಎಂದೆ. ನನಗೆ ಸಿಟ್ಟು ಬಂದಿತ್ತು. ಸಿಟ್ಟು ಯಾರ ಮೇಲೆ ಎಂದು ಈಗಲೂ ಗೊತ್ತಿಲ್ಲ.

ಅವರು ಕೋಲೂರಿ ಎದ್ದು ಬಂದು ಹಿಂದಿನ ಸೀಟಿನ ಮೇಲೆ ಕೈಯಿಟ್ಟರು. ಬಹಳ ಹೊತ್ತು ಇಟ್ಟರು. “ಅವಳು ಹೋದ ಮೇಲೆ ಒಂದು ವರ್ಷ ನಾನೂ ಓಡಿಸಿದ್ದೇನೆ. ಒಂದು ದಿನವೂ ಕೂರ್ಲಿಲ್ಲ. ಆ ಖಾಲಿ ಸೀಟು ನೋಡ್ಲಿಕ್ಕಾಗದೆ ಮಾರಿದ್ದು ನಾನು. ನಿಮ್ಮ ಹಿಂದೆ ಕೂತಿದ್ದಾಳೆ! ನನ್ನ ಮೇಲೆ ಅಷ್ಟು ಕೋಪವಾ ಇವಳಿಗೆ?”

ನನಗೆ ಅವರ ಸಂಕಟ ಬೇಕಿರಲಿಲ್ಲ. “ಹಾಗಾದ್ರೆ ನಮ್ಮವರು ಒಮ್ಮೆಯೂ ಬರಲೇ ಇಲ್ಲವಾ?” ಎಂದು ಕೇಳಿದೆ. “ಓಡಿಸಲಿಕ್ಕೇ ಬಾರದವರು ಇದನ್ನು ಯಾಕೆ ತೆಗೆದುಕೊಂಡರು? ಭಾನುವಾರವೆಲ್ಲ ಇಲ್ಲಿಗೆ ಬಂದು ಎಂತ ಮಾಡ್ತಿದ್ದರು?”

“ಹಿಂದೆ ಕೂರ್ತಿದ್ರು” ಎಂದರು ಸರ್ವೋತ್ತಮಣ್ಣ.

ನನಗೆ ಅರ್ಥವಾಗಲಿಲ್ಲ.

“ಸ್ಟ್ಯಾಂಡ್ ಹಾಕಿದ ಗಾಡಿಯ ಹಿಂದಿನ ಸೀಟಿನಲ್ಲಿ. ಎರಡೂ ಕಡೆ ಕಾಲಿಟ್ಟು, ನೆಟ್ಟಗೆ. ಓಡಿಸ್ಲಿಕ್ಕೆ ಕಲಿಸ್ತೇನೆ ಅಂದ್ರೆ ಬೇಡ ಅಂತಿದ್ರು. ‘ಓಡಿಸುವವಳು ಮನೆಯಲ್ಲಿದ್ದಾಳೆ. ಮದುವೆಗೆ ಮೊದಲು ಅಪ್ಪನ ಬುಲೆಟ್ ಓಡಿಸ್ತಿದ್ದಳಂತೆ, ನಾನು ನೋಡಿಯೇ ಇಲ್ಲ. ಹೋಟೆಲು, ಹೋಟೆಲು ಅಂತ ಅವಳನ್ನು ಎಲ್ಲಿಗೂ ಕರ್ಕೊಂಡು ಹೋಗ್ಲಿಲ್ಲ. ಇನ್ನು ಅವಳು ಕರ್ಕೊಂಡು ಹೋದಲ್ಲಿಗೆ ನಾನು ಹೋಗುವುದು. ನನ್ನ ಭಾರಕ್ಕೆ ಈ ಗಾಡಿ ತಡೀತದಾ, ಅದೊಂದು ಹೇಳಿ’ ಅಂತಿದ್ರು.”

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತೆ.

ಸ್ವಲ್ಪ ಹೊತ್ತಿನ ಮೇಲೆ ಅವರೇ, “ಒಂದು ಸುತ್ತು ಕರ್ಕೊಂಡು ಹೋಗ್ತೀರಾ?” ಎಂದು ಕೇಳಿದರು. ಹತ್ತಲು ಬಹಳ ಕಷ್ಟಪಟ್ಟರು. ನೋಯುವ ಕಾಲನ್ನು ಕೈಯಿಂದ ಎತ್ತಿ ಆ ಕಡೆಗೆ ಹಾಕಿಕೊಂಡರು. ನಾನು ಕಿಕ್ ಹೊಡೆದೆ. ಕಟ್ಟಡವನ್ನು ಸುತ್ತಿ, ಗಣಪತಿ ಗುಡಿಯವರೆಗೆ ಹೋಗಿ ಬಂದೆವು. ಎಂಜಿನ್ನಿನ ಸದ್ದಿನಲ್ಲಿ ಅವರು ತುಳುವಿನಲ್ಲಿ ಏನೋ ಹೇಳುತ್ತಿದ್ದರು. ನನಗಲ್ಲ. ವಾಪಸು ಬಂದು ನಿಂತಾಗ ಮೆಲ್ಲನೆ ಇಳಿದರು, ಇಳಿದು ಸೀಟಿನ ಕಡೆಗೆ ಕೈ ಚಾಚಿದರು.

“ಜಪ್ಪು ಉಮಾ. ಇಲ್ಲ್ ಎತ್ತ್‌ಂಡ್.”

ಇಳಿ, ಮನೆ ಬಂತು ಎಂದು. ಹಿಂದಿನ ಸ್ಪ್ರಿಂಗು ಕಿರ್ ಎಂದು ಮೇಲಕ್ಕೆ ಬಂತು. ಅವರು ಇಳಿದಾಗ ಒಮ್ಮೆ ಬಂದಿತ್ತು. ಇದು ಎರಡನೆಯ ಸಲ.

ಅವರು ನನಗೆ ಹೋಗಿಬನ್ನಿ ಎಂದೂ ಹೇಳಲಿಲ್ಲ. ಕೋಲನ್ನು ಬಲಗೈಗೆ ಬದಲಿಸಿಕೊಂಡು, ಎಡಗೈಯನ್ನು ಯಾರೋ ಹಿಡಿದುಕೊಂಡ ಹಾಗೆ ಮೈಯಿಂದ ಸ್ವಲ್ಪ ದೂರ ಇಟ್ಟುಕೊಂಡು ಒಳಗೆ ನಡೆದರು. ಬಾಗಿಲು ಹಾಕಿದ ಸದ್ದು ಕೇಳಿತು.

ಬರುವಾಗ ಬೈಕು ಎಷ್ಟು ಹಗುರ! ಬ್ರೇಕು ಮುಟ್ಟಿದರೆ ನಿಲ್ಲುತ್ತಿತ್ತು. ಕಾಟಾಯಿ ನಾಕಾ ದಾಟಿ ರಸ್ತೆಯ ಬದಿಗೆ ನಿಲ್ಲಿಸಿ ಅತ್ತೆ. ಸೆಪ್ಟೆಂಬರಿನಲ್ಲಿ ಅಳಲಾಗದೆ ಉಳಿದದ್ದೆಲ್ಲ ಬಂತು. ಹೆಲ್ಮೆಟ್ ತೆಗೆಯದೆ ಅತ್ತೆ. ನಮ್ಮವರು ಬಂದೇ ಇರಲಿಲ್ಲ. ಅವರು ಬರುವುದಿಲ್ಲ.

ಡಿಸೆಂಬರ್ ೩೧, ಮಂಗಳವಾರ

ಕ್ಲಚ್ ಕೇಬಲ್ ಗಟ್ಟಿಯಾಗಿದೆ, ಕೇಳೋಣವೆಂದು ಸರ್ವೋತ್ತಮಣ್ಣನಿಗೆ ಫೋನು ಮಾಡಿದೆ. “ಮೇಲಿನ ತುದಿಯಿಂದ ಎಣ್ಣೆ ಬಿಡಿ, ಕೆಳಗೆ ತೊಟ್ಟಿಕ್ಕುವವರೆಗೆ” ಎಂದರು. ಅವಸರವಿತ್ತು. ಹಿಂದೆ ಸ್ಟೀಲಿನ ಲೋಟ ಮೇಜಿನ ಮೇಲಿಟ್ಟ ಸದ್ದು. “ಬತ್ತೆ, ಬತ್ತೆ” ಎಂದು ಅವರು ಫೋನಿನಿಂದ ಮುಖ ತಿರುಗಿಸಿ ಯಾರಿಗೋ ಹೇಳಿದರು. ಬಂದೆ, ಬಂದೆ ಎಂದು. ಆ ಮನೆಯಲ್ಲಿ ಅವರೊಬ್ಬರೇ ಇರುವುದು.

ನನಗೆ ಹೆದರಿಕೆಯಾಗಬೇಕಿತ್ತು. ಹೊಟ್ಟೆಕಿಚ್ಚಾಯಿತು.

ಜನವರಿ ೫, ಭಾನುವಾರ

ಪ್ರಣೀತಾ ವಾರದಿಂದ ಫೋನು ಮಾಡಿರಲಿಲ್ಲ. ನಾನು ಮಾಡಿದರೆ ತೆಗೆಯಲಿಲ್ಲ. ಬೆಳಿಗ್ಗೆ ಖಾರಘರಕ್ಕೆ ಹೋದೆ. ಹಾಸ್ಟೆಲಿನ ವಾರ್ಡನ್ ಮೋಹಿತೆ ಬಾಯಿ ಗೇಟಿನಲ್ಲೇ ಹಿಡಿದುಕೊಂಡು, “ತಿಚೀ ಆಯೀ ನಾ ತುಮ್ಹೀ? ಮಹಿನಾ ಝಾಲಾ, ಕಾಲೇಜಲಾ ಜಾತ್ ನಾಹೀ” ಎಂದರು. ಒಂದು ತಿಂಗಳಾಯಿತು, ಕಾಲೇಜಿಗೇ ಹೋಗುತ್ತಿಲ್ಲ!

ಕೆಳಗೆ ಬಂದಳು. ಕಣ್ಣಿನ ಸುತ್ತ ಕಪ್ಪು. ಫುಟ್‌ಪಾತಿನ ಕಟ್ಟೆಯ ಮೇಲೆ ಇಬ್ಬರೂ ಕೂತೆವು. ಕಾಲೇಜಿಗೆ ಹೋಗದೆ ಎಲ್ಲಿಗೆ ಹೋಗುತ್ತಿದ್ದೀ ಎಂದು ಕೇಳಿದೆ.

“ವಾಶಿ. ಪಪ್ಪಾ ಕೇ ಹೋಟೆಲ್ ಮೇಂ” ಎಂದಳು. “ಕೌಂಟರ್ ಎದುರಿನ ಟೇಬಲ್. ಸುಮ್ಮನೆ ಕೂತಿರ್ತೀನಿ. ಅಲ್ಲಿಯವರು ಕಾಫಿ ಕೊಡ್ತಾರೆ, ಏನೂ ಕೇಳಲ್ಲ.”

“ನನಗೆ ಹೇಳಬಾರದಾಗಿತ್ತಾ?”

“ತುಝೇ ದೇಖಾ ಥಾ ನಾ, ಅಲ್ಲಿಂದಲೇ ನಿನ್ನನ್ನು ನೋಡಿದ್ದೆ.” ಅವಳು ರಸ್ತೆಯ ಕಡೆ ನೋಡುತ್ತಲೇ ಹೇಳಿದಳು. “ದೋ ಬಾರ್. ಹೋಟೆಲಿನ ಮುಂದೆ ನೀನು ಬೈಕಲ್ಲಿ ಹೋದೆ. ಮಾತಾಡ್ತಾ ಇದ್ದೆ, ಹಸ್ ರಹೀ ಥೀ. ಪಪ್ಪಾ ಹೋದ ಮೇಲೆ ನೀನು ನಕ್ಕಿದ್ದು ನಾನು ಪಹಲೀ ಬಾರ್ ನೋಡಿದ್ದು. ನಾನು ಹೊರಗೆ ಓಡಿಬಂದು ಕೈ ಮಾಡಿದೆ, ಮಮ್ಮಾ. ಕೂಗಿದೆ. ನೀನು ನೋಡಲೇ ಇಲ್ಲ.”

ಅವರಿಗೆ ಅವಲಕ್ಕಿ ಇಷ್ಟವಿತ್ತಲ್ಲ, ಇವಳಿಗೆ ಏನಿಷ್ಟ ಎಂದು ನೆನಪು ಮಾಡಿಕೊಳ್ಳಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. “ನಡಿ, ಮನೆಗೆ. ಕಡುಬು ಮಾಡ್ತೇನೆ” ಎಂದೆ.

ಹೆಲ್ಮೆಟ್ ಅಂಗಡಿಗೆ ನಡೆದುಕೊಂಡು ಹೋಗಿ ಅವಳಿಗೊಂದು ಕೊಂಡೆವು. ಅವಳು ಹಿಂದೆ ಹತ್ತಿ ಕೂತಳು. ಬೈಕು ಕುಸಿದು ಸ್ವಲ್ಪ ಓಲಾಡಿತು. ಒಂದು ಕಡೆ ನಿಲ್ಲದ ಹುಡುಗಿ, ಬ್ಯಾಗು ಸರಿಮಾಡಿದಳು, ಕಾಲು ಸರಿಮಾಡಿದಳು, ಅವಳ ಹೆಲ್ಮೆಟ್ ನನ್ನ ಹೆಲ್ಮೆಟ್ಟಿಗೆ ಢಿಕ್ಕಿ ಹೊಡೆಯಿತು. ಆಮೇಲೆ ಎರಡೂ ಕೈಯಿಂದ ನನ್ನ ಸೊಂಟ ಬಳಸಿದಳು. ಅವಳ ಎದೆ ಬಡಿಯುವುದು ನನ್ನ ಬೆನ್ನಿಗೆ ಗೊತ್ತಾಗುತ್ತಿತ್ತು.

ಅಷ್ಟು ದಿನ ಹಿಂದೆ ಕೂತಿದ್ದವರು ಒಮ್ಮೆಯೂ ನನ್ನನ್ನು ಮುಟ್ಟಿರಲಿಲ್ಲ ಎಂಬುದು ಆಗ ಹೊಳೆಯಿತು.

“ಗಟ್ಟಿ ಹಿಡ್ಕೋ” ಎಂದೆ. ಉಸಿರು ಕಟ್ಟುವಷ್ಟು ಗಟ್ಟಿಯಾಗಿ ಹಿಡಿದುಕೊಂಡಳು.